ದಾಡಿ ಬ್ಲೇಡಿನ ಜಾತಕ

ಕಲಬುರಗಿ ಸೀಮೆಯಲ್ಲಿ ಹಳೆಯದೇನು ಸಿಕ್ಕರೂ ಅದಕ್ಕೆ ಅಂಟುವ ಹೆಸರು ಒಂದೇ: ‘ನಿಜಾಮರ ಕಾಲದ್ದು’. ತಾಮ್ರದ ಹಂಡೆ, ಕಂದೀಲು, ಉರ್ದು ಅಕ್ಷರದ ರಸೀದಿ, ಎಲ್ಲಕ್ಕೂ ಅದೇ ಮುದ್ರೆ. ಗೋಡೆಯ ಗೂಡಿನಲ್ಲಿಟ್ಟ ತಗಡಿನ ಡಬ್ಬಿಯೊಳಗೆ ಗುಂಡಿ, ಸೂಜಿ, ಮುರಿದ ಕನ್ನಡಕಗಳ ನಡುವೆ ಸಿಗುವ ದಾಡಿ ಬ್ಲೇಡಿಗೂ ಅದೇ. ಹಂಡೆಯ ಬಗ್ಗೆ ಈ ಮಾತು ನಿಜವೋ ಸುಳ್ಳೋ ಎಂದು ಒರೆಗೆ ಹಚ್ಚುವುದು ಸುಲಭವಲ್ಲ. ಬ್ಲೇಡಿನ ಬಗ್ಗೆ ಅದು ಸಾಧ್ಯ. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರ್ 17ರಂದು. ಕೈಯಲ್ಲಿರುವ ಬ್ಲೇಡು ಆ ದಿನಕ್ಕಿಂತ ಹಿಂದಿನದೋ ಮುಂದಿನದೋ ಎಂಬುದನ್ನು ಅದರ ಆಕಾರ, ಅದರ ಉಕ್ಕು, ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ಸುತ್ತಿದ ಕಾಗದ ಸಾಕಷ್ಟು ಮಟ್ಟಿಗೆ ಹೇಳಿಬಿಡುತ್ತವೆ.

ಬೆರಳುದ್ದದ ಉಕ್ಕಿನ ಚೂರಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ ಎಂದು ಕೇಳಬಹುದು. ಕಾರಣವಿದೆ. ರಾಜರ ಸುದ್ದಿಗೆ ಶಾಸನಗಳಿವೆ, ಜಮೀನಿನ ಸುದ್ದಿಗೆ ಪಹಣಿಗಳಿವೆ. ಒಂದು ಊರಿನ ಗಂಡಸರು ಕ್ಷೌರಿಕನ ಮುಂದೆ ಕೂರುವುದನ್ನು ಬಿಟ್ಟು, ಕಿಟಕಿಗೆ ಕನ್ನಡಿ ಸಿಕ್ಕಿಸಿ ತಾವೇ ದಾಡಿ ಮಾಡಿಕೊಳ್ಳತೊಡಗಿದ್ದು ಯಾವಾಗ ಎಂಬುದಕ್ಕೆ ಯಾವ ದಫ್ತರವೂ ಇಲ್ಲ. ಆ ಬದಲಾವಣೆಗೆ ಉಳಿದಿರುವ ಸಾಕ್ಷಿ ಎಂದರೆ ಇಂಥ ಡಬ್ಬಿಗಳಲ್ಲಿ ಸಿಕ್ಕಿಕೊಂಡ ಕೆಲವು ಬ್ಲೇಡುಗಳು ಮತ್ತು ಅವುಗಳ ಹೊದಿಕೆ. ಬ್ಲೇಡು ಬಳಸಿ ಎಸೆಯಲೆಂದೇ ಹುಟ್ಟಿದ ವಸ್ತು. ಅದರ ಕಾಗದವಂತೂ ಬ್ಲೇಡಿಗಿಂತ ಮೊದಲೇ ಕಸ ಸೇರುತ್ತದೆ.

ಆಯದಿಂದ ಆಣೆಗೆ

ಬ್ಲೇಡು ಬರುವ ಮುನ್ನ ಹಳ್ಳಿಯಲ್ಲಿ ದಾಡಿಗೆ ದರವೇ ಇರಲಿಲ್ಲ. ಬಡಿಗ, ಕಮ್ಮಾರ, ಅಗಸರಂತೆ ಕ್ಷೌರಿಕನೂ ಆಯಗಾರ. ವರ್ಷವಿಡೀ ಮನೆಮಂದಿಯ ಕ್ಷೌರ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳದ ಪಾಲು ಪಡೆಯುತ್ತಿದ್ದ. ಅವನ ಬಂಡವಾಳವೆಲ್ಲ ಹಡಪದಲ್ಲಿ: ಮಡಚುವ ಕತ್ತಿ, ಸಾಣೆಕಲ್ಲು, ಕತ್ತಿ ಉಜ್ಜುವ ಚರ್ಮದ ಪಟ್ಟಿ, ಕತ್ತರಿ, ಕನ್ನಡಿ, ನೀರಿನ ಬಟ್ಟಲು. ಒಂದು ಒಳ್ಳೆಯ ಕತ್ತಿ ಅಪ್ಪನಿಂದ ಮಗನಿಗೆ ಬರುತ್ತಿತ್ತು.

ಅಫಜಲಪುರ ತಾಲ್ಲೂಕಿನ ಗಾಣಗಾಪುರದಂಥ ಊರಿನ ಮಾತು ಸ್ವಲ್ಪ ಬೇರೆ. ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಈ ದತ್ತಕ್ಷೇತ್ರಕ್ಕೆ ಮಹಾರಾಷ್ಟ್ರದ ಕಡೆಯಿಂದಲೂ ಯಾತ್ರಿಕರು ಬರುತ್ತಾರೆ. ತೀರ್ಥಸ್ಥಳಗಳಲ್ಲಿ ಮುಂಡನ ಮಾಡಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಹಳೆಯದು. ಇಂಥ ಊರುಗಳ ಕ್ಷೌರಿಕರಿಗೆ ಆಯದ ಜೋಳದ ಜೊತೆ ಪರಸ್ಥಳದವರ ರೊಕ್ಕವೂ ಕಾಣುತ್ತದೆ. ಊರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿ ಗಾಣಗಾಪುರ ರೋಡ್ ರೈಲು ನಿಲ್ದಾಣವಿದೆ. ಅದು ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ ದಾಟಿ, 1871ರಲ್ಲಿ ರಾಯಚೂರಿನ ಬಳಿ ಮದರಾಸಿನ ಹಳಿಗೆ ಕೂಡಿದ ಮಾರ್ಗ. ಸೊಲ್ಲಾಪುರ ಬ್ರಿಟಿಷರದು, ಗಾಣಗಾಪುರ ನಿಜಾಮರದು. ಆದರೆ ಸಾಮಾನಿಗೆ ರೈಲು ಒಂದೇ. ಮುಂಬಯಿ ಬಂದರಿನಲ್ಲಿ ಇಳಿದ ಸರಕು ಈ ಭಾಗದ ಸಂತೆ ಅಂಗಡಿಗಳಿಗೆ ಬರಲು ಇದಕ್ಕಿಂತ ಹತ್ತಿರದ ದಾರಿ ಇರಲಿಲ್ಲ.

ಆ ದಾರಿಯಲ್ಲಿ ಬಂದ ವಸ್ತುಗಳಲ್ಲಿ ಬ್ಲೇಡೂ ಒಂದು. ಅದರ ಹುಟ್ಟು ಅಮೆರಿಕದ ಬೋಸ್ಟನ್ನಿನಲ್ಲಿ. ಕಿಂಗ್ ಜಿಲೆಟ್ ಎಂಬ ಮಾರಾಟಗಾರನಿಗೆ 1895ರಲ್ಲಿ, ಸಾಣೆ ಹಿಡಿಯುವ ಗೋಜಿಲ್ಲದ, ಮೊಂಡಾದೊಡನೆ ಎಸೆಯಬಹುದಾದ ತೆಳು ಅಲಗಿನ ಯೋಚನೆ ಹೊಳೆಯಿತು. (‘ಕಿಂಗ್’ ಎಂಬುದು ಬಿರುದಲ್ಲ, ಅವನ ಹೆಸರೇ ಹಾಗೆ.) ಕಾಗದದಷ್ಟು ತೆಳುವಾದ ಉಕ್ಕನ್ನು ಸೊಟ್ಟಗಾಗದಂತೆ ಕಾಯಿಸಿ ಹದಗೊಳಿಸುವುದು ಆಗದ ಕೆಲಸ ಎಂದು ಬಲ್ಲವರು ಹೇಳಿದರು. ಅದನ್ನು ಸಾಧಿಸಿ ತೋರಿಸಿದವನು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರು. 1901ರಲ್ಲಿ ಕಂಪನಿ ಹುಟ್ಟಿತು. ಮಾರಾಟ ಶುರುವಾದ 1903ರಲ್ಲಿ ಹೋದದ್ದು ಬರೇ 51 ರೇಜರು, 168 ಬ್ಲೇಡು. ಮರುವರ್ಷ ರೇಜರುಗಳ ಸಂಖ್ಯೆ 90 ಸಾವಿರ ದಾಟಿತು. 1904ರ ನವೆಂಬರ್ 15ರಂದು ಪೇಟೆಂಟು ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸರ್ಕಾರ ತನ್ನ ಸೈನಿಕರಿಗಾಗಿ 35 ಲಕ್ಷ ರೇಜರು, 3 ಕೋಟಿಗೂ ಹೆಚ್ಚು ಬ್ಲೇಡು ಕೊಂಡಿತು. ಯುದ್ಧ ಮುಗಿಸಿ ಮನೆಗೆ ಮರಳಿದವರ ಜೊತೆ ಚಟವೂ ಮರಳಿತು.

ತೂತು ಹೇಳುವ ಕತೆ

ಬ್ಲೇಡಿನ ಕಾಲ ಕಟ್ಟುವವರು ಮೊದಲು ನೋಡುವುದು ಅಲಗನ್ನಲ್ಲ, ನಡುವಿನ ತೂತನ್ನು. ಜಿಲೆಟ್ಟನ ಮೂಲ ಬ್ಲೇಡಿನಲ್ಲಿ ಒಂದೇ ಸಾಲಿನಲ್ಲಿ ಮೂರು ದುಂಡು ತೂತುಗಳಿದ್ದವು. ರೇಜರಿನ ತಲೆಯ ಮೂರು ಮೊಳೆಗಳು ಅವುಗಳಲ್ಲಿ ಕೂರುತ್ತಿದ್ದವು. ನಾಲ್ಕು ಮೂಲೆಗಳೂ ಚೌಕ. ಪೇಟೆಂಟಿನ ಅವಧಿ 1921ರಲ್ಲಿ ತೀರಿದಾಗ ಇದೇ ಅಚ್ಚಿನ ಬ್ಲೇಡುಗಳನ್ನು ಯಾರು ಬೇಕಾದರೂ ಮಾಡಬಹುದಾಯಿತು, ಮಾಡಿದರು ಕೂಡ.

1930ರ ಸುಮಾರಿಗೆ ಆಕಾರ ಬದಲಾಯಿತು. ಅದರ ಹಿಂದೆ ಒಂದು ಜಗಳವಿದೆ. ಹೆನ್ರಿ ಗೈಸ್ಮನ್ ಎಂಬ ಉದ್ಯಮಿ ‘ಪ್ರೋಬ್ಯಾಕ್’ ಎಂಬ ಬ್ಲೇಡನ್ನು ತಂದ. ನಡುವೆ ಸೀಳು ಕೊರೆದಿದ್ದ ಆ ಬ್ಲೇಡು ಜಿಲೆಟ್ಟನ ಹಳೆಯ ರೇಜರಿಗೂ ಕೂಡುತ್ತಿತ್ತು. ಜಿಲೆಟ್ಟನ ಬ್ಲೇಡು ಮಾತ್ರ ಗೈಸ್ಮನ್ನನ ರೇಜರಿಗೆ ಕೂಡುತ್ತಿರಲಿಲ್ಲ. ಜಾಣತನದ ಏಟು ಇದು. ಜಿಲೆಟ್ ಕಂಪನಿಯೂ ಸೀಳಿರುವ ಹೊಸ ಬ್ಲೇಡು ತಂದಿತು, ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು, ಕೊನೆಗೆ 1930ರಲ್ಲೇ ಎರಡೂ ಕಂಪನಿಗಳು ಒಂದಾದವು. ಹೊಸ ಬ್ಲೇಡಿನಲ್ಲಿ ಇನ್ನೊಂದು ಬದಲಾವಣೆ: ನಾಲ್ಕೂ ಮೂಲೆಗಳನ್ನು ಕತ್ತರಿಸಿ ತೆಗೆದಿದ್ದರು. ರೇಜರು ಕೈಜಾರಿ ಬಿದ್ದರೆ ಅದರ ತಲೆಯ ಮೂಲೆ ಬಾಗಿ, ಬ್ಲೇಡಿನ ಚೂಪು ತುದಿ ಗಲ್ಲ ಗೀರುತ್ತಿತ್ತು. ಮೂಲೆಯೇ ಇಲ್ಲದಿದ್ದರೆ ಆ ಭಯವಿಲ್ಲ.

ಇಂದು ಯಾವುದೇ ಕಿರಾಣಿ ಅಂಗಡಿಯಲ್ಲಿ ಸಿಗುವ ಎರಡಲಗಿನ ಬ್ಲೇಡನ್ನು ನೋಡಿ. ನಡುವಿನ ಸೀಳು ನೇರವಾಗಿಲ್ಲ, ಅಲ್ಲಲ್ಲಿ ಉಬ್ಬಿದೆ. ಆ ಉಬ್ಬುಗಳಲ್ಲಿ ಹಳೆಯ ಮೂರು ಮೊಳೆಗಳ ಜಾಗ ಇನ್ನೂ ಉಳಿದಿದೆ. ಹೀಗಾಗಿ ಇವತ್ತಿನ ಬ್ಲೇಡು ನೂರು ವರ್ಷದ ಹಿಂದಿನ ಮೂರು ಮೊಳೆಯ ರೇಜರಿಗೂ ಸರಿಯಾಗಿ ಕೂರುತ್ತದೆ. ಮೂರು ತೂತಿನ ಹಳೆಯ ಬ್ಲೇಡು, ನಡುವೆ ಉದ್ದ ಪಟ್ಟಿಯಿರುವ ನಂತರದ ರೇಜರುಗಳಿಗೆ ಕೂರುವುದಿಲ್ಲ. ಇಷ್ಟು ವರ್ಷ ಅಳತೆ ಬದಲಾಯಿಸದೆ ನಡೆದು ಬಂದ ಯಂತ್ರದ ಬಿಡಿಭಾಗಗಳು ಅಪರೂಪ.

ಆದ್ದರಿಂದ ಡಬ್ಬಿಯಲ್ಲಿ ಸಿಕ್ಕ ಬ್ಲೇಡಿಗೆ ಮೂರು ದುಂಡು ತೂತು, ಚೌಕ ಮೂಲೆಗಳಿದ್ದರೆ ‘ನಿಜಾಮರ ಕಾಲದ್ದು’ ಎಂಬ ಮಾತಿಗೆ ಬಲ ಬರುತ್ತದೆ. ಬಲ ಮಾತ್ರ, ತೀರ್ಪಲ್ಲ. ಜಿಲೆಟ್ ಬದಲಾಯಿಸಿದ ದಿನವೇ ಉಳಿದ ಕಂಪನಿಗಳೆಲ್ಲ ಹಳೆಯ ಅಚ್ಚನ್ನು ಮುರಿದವೆಂದು ತಿಳಿಯಬೇಕಿಲ್ಲ. ಸೀಳಿರುವ ಬ್ಲೇಡು ಇದಕ್ಕಿಂತ ಕಡಿಮೆ ಹೇಳುತ್ತದೆ. ಅದು 1930ರಲ್ಲಿ ಮಾಡಿದ್ದಿರಬಹುದು, ಹೋದ ವಾರ ಮಾಡಿದ್ದೂ ಇರಬಹುದು.

ಇಲ್ಲಿಯೇ ಒಂದು ಸೂತ್ರವನ್ನು ನೆನಪಿಡಬೇಕು. ಹೆಚ್ಚಿನ ಗುರುತುಗಳು ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ ಹೇಳುತ್ತವೆ. ‘ಇದಕ್ಕಿಂತ ಮುಂದಿನದಲ್ಲ’ ಎಂದು ಹೇಳುವ ಗುರುತುಗಳು ಕಡಿಮೆ. ಎರಡೂ ಸಿಕ್ಕರೆ ಮಾತ್ರ ವಸ್ತುವಿನ ಕಾಲಕ್ಕೆ ಎರಡು ಕಡೆ ಬೇಲಿ ಹಾಕಿದಂತೆ.

ಕಾಗದ ಓದುವ ಬಗೆ

ಬೇಲಿ ಹಾಕಲು ಬೇಕಾದ ಗೂಟಗಳು ಕಾಗದದಲ್ಲಿವೆ. ಸಾಮಾನ್ಯವಾಗಿ ಬ್ಲೇಡಿಗೆ ಎರಡು ಹೊದಿಕೆ. ಒಳಗೆ ಮೇಣ ಸವರಿದ ಕಾಗದ, ಹೊರಗೆ ಹೆಸರು ಅಚ್ಚಾದ ಕಾಗದ. ಕೆಲವು ಬ್ಲೇಡುಗಳನ್ನು ಮೇಣದ ಚುಕ್ಕೆಗಳಿಂದ ಕಾಗದಕ್ಕೆ ಅಂಟಿಸಿರುತ್ತಾರೆ, ಅಲಗು ಕಾಗದಕ್ಕೆ ತಾಗದಿರಲೆಂದು. ಐದೋ ಹತ್ತೋ ಬ್ಲೇಡುಗಳು ಕೂಡಿ ಒಂದು ಪೊಟ್ಟಣ.

ಮೊದಲು ಕಣ್ಣಿಗೆ ಬೀಳುವುದು ಚಿತ್ರ. ಜಿಲೆಟ್ ಕಾಗದದ ಮೇಲೆ ದಪ್ಪ ಮೀಸೆಯ ಕಿಂಗ್ ಜಿಲೆಟ್ಟನ ಮುಖ ದಶಕಗಟ್ಟಲೆ ಇತ್ತು. ದಾಡಿ ಸಾಮಾನು ಮಾರಿದವನಿಗೆ ಮೀಸೆ ತೆಗೆಯುವ ಮನಸ್ಸಾಗಲಿಲ್ಲವೆಂಬುದು ತಮಾಷೆ. ಆದರೆ ಅಷ್ಟು ಕಾಲ ಬದಲಾಗದೆ ಉಳಿದದ್ದರಿಂದಲೇ ಆ ಚಿತ್ರ ಕಾಲನಿರ್ಣಯಕ್ಕೆ ಹೆಚ್ಚು ಉಪಯೋಗವಿಲ್ಲ. ಬದಲಾಗದ ಗುರುತಿಗಿಂತ ಬದಲಾಗುವ ಗುರುತು ಮುಖ್ಯ, ಅಂದರೆ ವಿಳಾಸ, ಬೆಲೆ ಮತ್ತು ಕಾನೂನು ಬಲವಂತದಿಂದ ಬರೆಸಿದ ಸಾಲುಗಳು.

ವಿಳಾಸದಿಂದ ಶುರು ಮಾಡೋಣ. ಲಂಡನ್ನಿನ ಹೊರವಲಯದ ಐಲ್‌ವರ್ತ್‌ನಲ್ಲಿ ಜಿಲೆಟ್ ಕಾರ್ಖಾನೆ ತೆರೆದದ್ದು 1937ರಲ್ಲಿ. ಆ ಹೆಸರಿರುವ ಪೊಟ್ಟಣ ಅದಕ್ಕಿಂತ ಹಿಂದಿನದಾಗಲಾರದು. ಜರ್ಮನಿಯ ಜೋಲಿಂಗನ್ ನಗರ ಕತ್ತಿ, ಕತ್ತರಿ, ಬ್ಲೇಡುಗಳಿಗೆ ಹೆಸರುವಾಸಿ. ಬರೇ ‘ಜರ್ಮನಿ’ ಎಂದಿದ್ದರೆ ಏನೂ ಹೇಳಲಾಗದು. ‘ಪಶ್ಚಿಮ ಜರ್ಮನಿ’ ಎಂದಿದ್ದರೆ ಸಂಶಯವೇ ಬೇಡ. ಆ ದೇಶ ಹುಟ್ಟಿದ್ದು 1949ರಲ್ಲಿ, ಒಂದಾದ ಜರ್ಮನಿಯೊಳಗೆ ಕರಗಿದ್ದು 1990ರಲ್ಲಿ. ಅಂಥ ಬ್ಲೇಡನ್ನು ನಿಜಾಮರ ಕಾಲಕ್ಕೆ ಕೊಂಡೊಯ್ಯಲು ಯಾರಿಂದಲೂ ಆಗದು.

ಸ್ವದೇಶಿ ಬ್ಲೇಡುಗಳಿಗೂ ಇದೇ ನ್ಯಾಯ. ಕಲ್ಕತ್ತೆಯ ಹರಬನ್ಸ್‌ಲಾಲ್ ಮಲ್ಹೋತ್ರಾ ಸಂಸ್ಥೆಯ ಟೋಪಾಜ್, ಮುಂಬಯಿ ಬಳಿಯ ಠಾಣೆಯ ವಿದ್ಯುತ್ ಮೆಟಾಲಿಕ್ಸ್‌ನ ಸೂಪರ್‌ಮ್ಯಾಕ್ಸ್ ನಮ್ಮವರ ಮುಖಕ್ಕೆ ಚಿರಪರಿಚಿತ. ಅವುಗಳ ಪೊಟ್ಟಣದಲ್ಲಿ ಊರಿನ ಹೆಸರು ಹೇಗೆ ಬರೆದಿದೆ ನೋಡಬೇಕು. ಬಾಂಬೆ ಮುಂಬಯಿಯಾದದ್ದು 1995ರಲ್ಲಿ, ಕಲ್ಕತ್ತ ಕೋಲ್ಕತ್ತವಾದದ್ದು 2001ರಲ್ಲಿ. ವಿಳಾಸದ ಕೊನೆಗೆ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. ‘ಸೆವೆನ್ ಓ ಕ್ಲಾಕ್’ ಬ್ಲೇಡಿನ ಮೇಲೆ ‘ಇಂಡಿಯನ್ ಶೇವಿಂಗ್ ಪ್ರಾಡಕ್ಟ್ಸ್’ ಎಂದಿದ್ದರೆ ಎರಡೂ ಕಡೆ ಬೇಲಿ ಸಿಕ್ಕಿತು: ರಾಜಸ್ಥಾನದ ಭಿವಾಡಿಯಲ್ಲಿ ಕಾರ್ಖಾನೆ ಹಾಕಿದ ಆ ಕಂಪನಿ ಸ್ಥಾಪನೆಯಾದದ್ದು 1984ರಲ್ಲಿ, ‘ಜಿಲೆಟ್ ಇಂಡಿಯಾ’ ಎಂದು ಹೆಸರು ಬದಲಿಸಿಕೊಂಡದ್ದು 2000ದಲ್ಲಿ.

ಅಂಗಡಿಯವರು ಒತ್ತಿದ ರಬ್ಬರ್ ಮೊಹರು ಪೊಟ್ಟಣದ ಮೇಲಿದ್ದರಂತೂ ಭಾಗ್ಯ. ಕಲಬುರಗಿ ಜಿಲ್ಲೆ ಹೈದರಾಬಾದಿನಿಂದ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಆ ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಅಧಿಕೃತ ಬರವಣಿಗೆಯಲ್ಲಿ ಗುಲ್ಬರ್ಗ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಒಂದೇ ಅಂಗಡಿ, ಒಂದೇ ಓಣಿ. ಮೊಹರಿನಲ್ಲಿ ಮಾತ್ರ ರಾಜ್ಯ ಬದಲಾಗುತ್ತ ಹೋಗುತ್ತದೆ.

ಇನ್ನು ಬೆಲೆ. ಆಣೆಯಲ್ಲಿ ಬರೆದಿದ್ದರೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದೆಂದು ಹೆಚ್ಚುಕಡಿಮೆ ಹೇಳಬಹುದು. ಆ ದಿನ ರೂಪಾಯಿಗೆ 16 ಆಣೆಯ ಲೆಕ್ಕ ಹೋಗಿ 100 ಪೈಸೆಯ ಲೆಕ್ಕ ಬಂತು. ಹಳೆಯ ಪೈಸೆಯೊಂದಿಗೆ ಗೊಂದಲವಾಗದಿರಲೆಂದು ಹೊಸದನ್ನು ‘ನಯೇ ಪೈಸೆ’ ಎಂದು ಕರೆದರು. 1964ರ ಜೂನ್ 1ರಿಂದ ‘ನಯೇ’ ಬಿದ್ದುಹೋಗಿ ಬರೇ ಪೈಸೆ ಉಳಿಯಿತು. ಹಾಗಾಗಿ ‘ನಯೇ ಪೈಸೆ’ ಎಂದು ಅಚ್ಚಾದ ಪೊಟ್ಟಣ ಈ ಏಳು ವರ್ಷಗಳ ಗೂಡಿನಲ್ಲಿ ತಾನಾಗಿಯೇ ಕೂರುತ್ತದೆ. ಬಾಯಿಮಾತಿನಲ್ಲಿ ನಾಲ್ಕಾಣೆ, ಎಂಟಾಣೆ ಇನ್ನೂ ಎಷ್ಟೋ ವರ್ಷ ಉಳಿದವು. ಆದ್ದರಿಂದ ಪೆನ್ಸಿಲಿನಲ್ಲಿ ಗೀಚಿದ ಬೆಲೆಗಿಂತ ಅಚ್ಚಾದ ಬೆಲೆಯನ್ನೇ ನಂಬುವುದು ಒಳ್ಳೆಯದು.

ಗಾಣಗಾಪುರದ ಕಡೆಯ ಲೆಕ್ಕಕ್ಕೆ ಇನ್ನೊಂದು ತೊಡಕಿದೆ. ನಿಜಾಮರ ರಾಜ್ಯಕ್ಕೆ ತನ್ನದೇ ನಾಣ್ಯವಿತ್ತು, ‘ಹಾಲಿ ಸಿಕ್ಕಾ’. ಬ್ರಿಟಿಷ್ ರೂಪಾಯಿಗೆ ಇಲ್ಲಿಯವರು ‘ಕಲ್ದಾರ್’ ಎನ್ನುತ್ತಿದ್ದರು. 6 ಕಲ್ದಾರಿಗೆ ಸುಮಾರು 7 ಹಾಲಿ. ಹಳೆಯ ಅಂಗಡಿ ಚೀಟಿಯಲ್ಲಿ ಬೆಲೆ ಯಾವ ರೂಪಾಯಿಯದು ಎಂದು ತಿಳಿಯದೆ ಸೊಲ್ಲಾಪುರದ ದರಕ್ಕೂ ಇಲ್ಲಿನ ದರಕ್ಕೂ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಹಾಲಿ ಸಿಕ್ಕಾ ಮರೆಯಾದದ್ದು 1950ರ ದಶಕದಲ್ಲಿ. ಚೀಟಿಯ ಮೇಲಿನ ಇಸವಿಯೂ ಕ್ರಿಸ್ತಶಕವಾಗಿರಬೇಕೆಂದಿಲ್ಲ. ಸಂಸ್ಥಾನದ ದಫ್ತರಗಳಲ್ಲಿ ಫಸಲಿ ವರ್ಷ ನಡೆಯುತ್ತಿತ್ತು. ಅದು ಅಕ್ಟೋಬರಿನಲ್ಲಿ ಆರಂಭವಾಗುವ ವರ್ಷ. ಫಸಲಿಗೆ ಸುಮಾರು 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಫಸಲಿ 1355 ಎಂದರೆ 1945-46.

ನಂತರದ ಕಾಲಕ್ಕೆ ಬಂದರೆ ಕಾನೂನೇ ನಮ್ಮ ಕೆಲಸ ಮಾಡಿಕೊಟ್ಟಿದೆ. ಪೊಟ್ಟಣ ಕಟ್ಟಿದ ಸಾಮಾನುಗಳ ಮೇಲೆ ತಯಾರಕರ ಹೆಸರು, ವಿಳಾಸ, ಎಣಿಕೆ, ಬೆಲೆ, ತಯಾರಾದ ಅಥವಾ ಪ್ಯಾಕ್ ಮಾಡಿದ ತಿಂಗಳು, ವರ್ಷ ಇರಬೇಕೆಂದು 1977ರ ನಿಯಮಗಳು ವಿಧಿಸಿದವು. ಎಲ್ಲ ತೆರಿಗೆ ಸೇರಿಸಿದ ಗರಿಷ್ಠ ಮಾರಾಟ ಬೆಲೆ, ಅಂದರೆ ಎಂ.ಆರ್.ಪಿ., ಬಂದದ್ದು 1990ರಿಂದೀಚೆಗೆ. ಅದಕ್ಕೂ ಮೊದಲು ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂಬ ಸಾಲು ಗಿರಾಕಿ ಅಂಗಡಿಕಾರರ ನಡುವೆ ಜಗಳ ಹಚ್ಚುತ್ತಿತ್ತು. ರೂಪಾಯಿಯ ಹೊಸ ಚಿಹ್ನೆ ಇದ್ದರೆ 2010ರ ಜುಲೈ ನಂತರದ್ದು. ಆದರೆ ಈ ಮಾಹಿತಿ ಇರುವುದು ಪೊಟ್ಟಣದ ಮೇಲೆ. ಹಳ್ಳಿಯ ಅಂಗಡಿಗಳಲ್ಲಿ ಬ್ಲೇಡು ಮಾರುವುದು ಒಂದೊಂದಾಗಿ. ಪೊಟ್ಟಣ ಅಂಗಡಿಯಲ್ಲೇ ಹರಿದುಹೋಗುತ್ತದೆ, ಗಿರಾಕಿಯ ಕೈಗೆ ಬರುವುದು ತಾರೀಖಿಲ್ಲದ ಒಂಟಿ ಬ್ಲೇಡು. ಬಡವರ ಮನೆಯ ಬ್ಲೇಡಿಗೆ ಶ್ರೀಮಂತರ ಮನೆಯ ಬ್ಲೇಡಿಗಿಂತ ಕಾಲ ಕಟ್ಟುವುದು ಕಷ್ಟವಾಗುವುದು ಹೀಗೆ.

ಎಲ್ಲ ಕೂಡಿಸಿ ಒಂದು ಉದಾಹರಣೆ ನೋಡೋಣ. ಪೊಟ್ಟಣದ ಮೇಲೆ ಐಲ್‌ವರ್ತ್ ವಿಳಾಸವಿದೆ, ಬೆಲೆ ಆಣೆಯಲ್ಲಿ ಅಚ್ಚಾಗಿದೆ ಎಂದುಕೊಳ್ಳಿ. ಹಿಂದಿನ ಬೇಲಿ 1937, ಮುಂದಿನ ಬೇಲಿ 1957. ನಡುವಿನ ಇಪ್ಪತ್ತು ವರ್ಷಗಳಲ್ಲಿ ಮೊದಲ ಹನ್ನೊಂದು ನಿಜಾಮರವು, ಉಳಿದವು ಅಲ್ಲ. ಬ್ಲೇಡು ಇಲ್ಲಿಗೆ ನಿಂತುಬಿಡುತ್ತದೆ, ಮುಂದೆ ಒಂದು ಮಾತೂ ಆಡುವುದಿಲ್ಲ. ಅದೇ ಡಬ್ಬಿಯಲ್ಲಿ ಫಸಲಿ 1355ರ ಚೀಟಿಯೊಂದು, ಬ್ಲೇಡಿನ ಹೆಸರು ಬರೆದದ್ದು, ಸಿಕ್ಕರೆ ‘ನಿಜಾಮರ ಕಾಲದ್ದು’ ಎಂದ ಅಜ್ಜಿಯ ಮಾತು ಗೆಲ್ಲುತ್ತದೆ. ಚೀಟಿಯಲ್ಲಿ ಬ್ಲೇಡಿನ ಹೆಸರೇ ಇಲ್ಲದಿದ್ದರೆ ಗೆಲುವು ಅನುಮಾನ. ಏಕೆಂದರೆ ಡಬ್ಬಿಯ ವಯಸ್ಸು ಬೇರೆ, ಅದರಲ್ಲಿರುವ ವಸ್ತುವಿನ ವಯಸ್ಸು ಬೇರೆ.

ಈ ಎಚ್ಚರಕ್ಕೆ ಇದೇ ಭೀಮಾ ದಂಡೆಯಲ್ಲಿ, ಗಾಣಗಾಪುರದ ಕೆಳಹರಿವಿನಲ್ಲಿ, ದೊಡ್ಡ ನಿದರ್ಶನವೊಂದಿದೆ. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ಬೆಳಕಿಗೆ ಬಂತು. ಗುಡಿಯ ಕಾಲದಿಂದ ಕಲ್ಲಿನ ಕಾಲ ಹೇಳಹೊರಟಿದ್ದರೆ ಶತಮಾನಗಟ್ಟಲೆ ತಪ್ಪಾಗುತ್ತಿತ್ತು. ಕಲ್ಲಿನ ಮೇಲಿನ ಬ್ರಾಹ್ಮಿ ಅಕ್ಷರಗಳು ಅದನ್ನು ಕ್ರಿ.ಪೂ. 3ನೇ ಶತಮಾನಕ್ಕೆ ಒಯ್ದವು. ಬ್ಲೇಡಿಗೂ ಶಾಸನಕ್ಕೂ ಎತ್ತಣ ಹೋಲಿಕೆ ಎಂದು ನಗಬಹುದು. ವಸ್ತು ಸಿಕ್ಕ ಜಾಗವನ್ನಲ್ಲ, ಅದರ ಮೇಲಿನ ಬರಹವನ್ನು ನಂಬುವ ರೀತಿ ಮಾತ್ರ ಎರಡಕ್ಕೂ ಒಂದೇ.

ಉಕ್ಕಿನ ಪರೀಕ್ಷೆ

ಕಾಗದವೇ ಇಲ್ಲದ ಬೆತ್ತಲೆ ಬ್ಲೇಡಾದರೆ? ಆಗ ಉಕ್ಕನ್ನೇ ಕೇಳಬೇಕು. ಮೊದಲ ದಶಕಗಳ ಬ್ಲೇಡುಗಳೆಲ್ಲ ಕಾರ್ಬನ್ ಉಕ್ಕಿನವು. ಹೊಸತರಲ್ಲಿ ಬಹಳ ಹರಿತ, ಆದರೆ ನೀರು ತಾಗಿದೊಡನೆ ತುಕ್ಕು. ದಾಡಿಯಾದ ಮೇಲೆ ರೇಜರು ಬಿಚ್ಚಿ, ಬ್ಲೇಡು ಒರೆಸಿ, ಎಣ್ಣೆಯ ಕೈ ಸವರಿ ಇಡುವ ಹಿರಿಯರ ಶಿಸ್ತು ಬಂದದ್ದು ಇದರಿಂದ. 1932ರಲ್ಲಿ ಬಂದ ಜಿಲೆಟ್‌ನ ‘ಬ್ಲೂ ಬ್ಲೇಡ್’ ಮೇಲೆ ನೀಲಿ ಅರಗಿನ ಲೇಪವಿತ್ತು. ತುಕ್ಕು ತಡೆಯುವುದಕ್ಕೂ ಆಯಿತು, ದೂರದಿಂದ ಗುರುತು ಹಿಡಿಯುವುದಕ್ಕೂ ಆಯಿತು.

ತುಕ್ಕು ಹಿಡಿಯದ ಸ್ಟೇನ್‌ಲೆಸ್ ಬ್ಲೇಡು ದೊಡ್ಡ ಪ್ರಮಾಣದಲ್ಲಿ ಪೇಟೆಗೆ ಬಂದದ್ದು 1960ರ ದಶಕದ ಆರಂಭದಲ್ಲಿ. ಅದನ್ನು ಮೊದಲು ಜನಪ್ರಿಯಗೊಳಿಸಿದ್ದು ಇಂಗ್ಲೆಂಡಿನ ವಿಲ್ಕಿನ್‌ಸನ್ ಸ್ವೋರ್ಡ್, ಒಂದು ಕಾಲಕ್ಕೆ ಸೈನ್ಯಕ್ಕೆ ಖಡ್ಗ ಮಾಡಿಕೊಡುತ್ತಿದ್ದ ಕಂಪನಿ. ದೈತ್ಯ ಜಿಲೆಟ್ 1963ರಲ್ಲಿ ಅದನ್ನು ಹಿಂಬಾಲಿಸಿತು. ಈ ಉಕ್ಕಿನಲ್ಲಿ ಸುಮಾರು ಶೇ 13ರಷ್ಟು ಕ್ರೋಮಿಯಂ ಇರುತ್ತದೆ, ಅಲಗಿನ ಮೇಲೆ ಅಂಟದ ತವೆಗೆ ಹಚ್ಚುವಂಥ ತೆಳು ಲೇಪವಿರುತ್ತದೆ. ಆದ್ದರಿಂದ ಬ್ಲೇಡಿನ ಮೇಲೆ ‘ಸ್ಟೇನ್‌ಲೆಸ್’ ಎಂದು ಕೊರೆದಿದ್ದರೆ ನಿಜಾಮರ ಮಾತು ಅಲ್ಲಿಗೆ ಮುಗಿಯಿತೆಂದೇ ತಿಳಿಯಬಹುದು.

ಬರಹವಿಲ್ಲದಿದ್ದರೆ ಕೆಲವರು ಅಯಸ್ಕಾಂತ ಹಿಡಿದು ನೋಡುತ್ತಾರೆ. ಸ್ಟೀಲಿನ ಪಾತ್ರೆಗೆ ಅಯಸ್ಕಾಂತ ಹಿಡಿಯುವುದಿಲ್ಲ, ಆದ್ದರಿಂದ ಸ್ಟೇನ್‌ಲೆಸ್ ಬ್ಲೇಡಿಗೂ ಹಿಡಿಯಬಾರದು ಎಂಬುದು ಅವರ ತರ್ಕ. ಇದು ತಪ್ಪು. ಪಾತ್ರೆಯ ಉಕ್ಕು ಬೇರೆ ಜಾತಿ, ಕಾಯಿಸಿ ಗಟ್ಟಿಮಾಡಿದ ಬ್ಲೇಡಿನ ಉಕ್ಕು ಬೇರೆ ಜಾತಿ. ಎರಡೂ ಬಗೆಯ ಬ್ಲೇಡುಗಳಿಗೂ ಅಯಸ್ಕಾಂತ ಅಂಟುತ್ತದೆ. ಒಂದು ಹನಿ ನೀರಿಟ್ಟು ರಾತ್ರಿ ಬಿಟ್ಟರೆ ಕಾರ್ಬನ್ ಉಕ್ಕು ಬೆಳಗಾಗುವಷ್ಟರಲ್ಲಿ ಕೆಂಪಾಗುವುದು ನಿಜ. ಆದರೆ ಒಂದೇ ಬ್ಲೇಡು ಇರುವವರು ಆ ಪರೀಕ್ಷೆ ಮಾಡಿ ಸಾಕ್ಷಿಯನ್ನೇ ಹಾಳು ಮಾಡಬಾರದು.

ದಪ್ಪವೂ ಒಂದು ಸುಳಿವು. ಜಿಲೆಟ್ಟನ ಮೊದಲ ಬ್ಲೇಡು ಇಂಚಿನ ಸಾವಿರದ 6 ಭಾಗ, ಅಂದರೆ 0.15 ಮಿ.ಮೀ. ಈಗಿನವು 0.10 ಮಿ.ಮೀ. ಬರಿಗಣ್ಣಿಗೆ ಈ ವ್ಯತ್ಯಾಸ ಕಾಣದು. ಹತ್ತು ಬ್ಲೇಡು ಒಂದರ ಮೇಲೊಂದಿಟ್ಟು ಅಳೆದರೆ ಹಳೆಯವು ಒಂದೂವರೆ ಮಿಲಿಮೀಟರು, ಹೊಸವು ಒಂದೇ. ಹಳೆಯ ಬ್ಲೇಡನ್ನು ಬಾಗಿಸಲು ಹೆಚ್ಚು ಬಲ ಬೇಕಾದದ್ದೂ ಇದಕ್ಕೇ. ಆದರೆ ತೆಳು ಬ್ಲೇಡು 1930ರ ದಶಕದ ಕೊನೆಗೇ ಬಂದಿತ್ತು, ದಪ್ಪದ್ದು ಆಮೇಲೂ ಬಹುಕಾಲ ಮಾರಾಟವಾಯಿತು. ದಪ್ಪ ನೋಡಿ ಇಸವಿ ಹೇಳುವವರ ಮಾತಿಗೆ ಉಪ್ಪು ಖಾರ ಸೇರಿದೆಯೆಂದೇ ಅರ್ಥ.

ರೇಜರು ಜೊತೆಗಿದ್ದರೆ ಕೆಲಸ ಸುಲಭ. ಅಮೆರಿಕದಲ್ಲಿ ತಯಾರಾದ ಜಿಲೆಟ್ ರೇಜರುಗಳ ತಲೆಯ ಅಡಿಯಲ್ಲಿ 1950ರ ದಶಕದಿಂದ ಒಂದು ಅಕ್ಷರ, ಒಂದು ಅಂಕಿ ಕೊರೆದಿರುತ್ತದೆ. ಅಕ್ಷರ ವರ್ಷಕ್ಕೆ, ಅಂಕಿ ಮೂರು ತಿಂಗಳ ಕಂತಿಗೆ. ‘ಝಡ್ 3’ ಎಂದರೆ 1954ರ ಮೂರನೇ ಕಂತು. ಅಲ್ಲಿಗೆ ಅಕ್ಷರಮಾಲೆ ಮುಗಿದು, ಮುಂದಿನ ವರ್ಷ ‘ಎ’ಯಿಂದ ಮತ್ತೆ ಶುರು. ಬ್ಲೇಡಿಗೆ ಇಲ್ಲದ ಜನ್ಮಪತ್ರಿಕೆ ರೇಜರಿಗಿದೆ. ಆದರೆ ರೇಜರು ಅಪ್ಪನದು, ಬ್ಲೇಡು ಮಗನದು ಆಗಿರಬಹುದೆಂಬುದನ್ನು ಮರೆಯಬಾರದು.

ಹಳೆಯ ಬ್ಲೇಡು ಹೊಸದಕ್ಕಿಂತ ಚೆನ್ನಾಗಿತ್ತೇ? ‘ಆಗಿನ ಮಾಲೇ ಬೇರೆ’ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಕಾರ್ಬನ್ ಬ್ಲೇಡಿನ ಮೊದಲ ದಾಡಿ ನಯವಾಗಿರುತ್ತಿತ್ತು ಎಂಬುದನ್ನು ಒಪ್ಪಬಹುದು. ಅದು ಬೇಗ ಸೋಲುತ್ತಿತ್ತು. ಗಾಜಿನ ಲೋಟದ ಒಳಮೈಗೆ ಬ್ಲೇಡು ಉಜ್ಜಿ ಇನ್ನೆರಡು ದಾಡಿ ಹಿಂಡುತ್ತಿದ್ದ ಜಿಪುಣತನ ಆ ಕಾಲದ ಬಳುವಳಿ. ಉಕ್ಕಿಗಿಂತ ಕೂದಲು ಸುಮಾರು 50 ಪಟ್ಟು ಮೃದು. ಆದರೂ ಬ್ಲೇಡು ಮೊಂಡಾಗುವುದೇಕೆ ಎಂಬುದಕ್ಕೆ ಅಮೆರಿಕದ ಎಂ.ಐ.ಟಿ. ವಿಜ್ಞಾನಿಗಳು 2020ರಲ್ಲಿ ಉತ್ತರ ಕೊಟ್ಟರು. ಅಲಗು ಸವೆಯುವುದಕ್ಕಿಂತ ಹೆಚ್ಚಾಗಿ ಸಣ್ಣ ಸಣ್ಣ ಚಕ್ಕೆಗಳಾಗಿ ಒಡೆಯುತ್ತದೆ. ಕೂದಲು ಬಾಗಿ ಓರೆಯಾಗಿ ಒತ್ತಿದಾಗ, ಉಕ್ಕಿನ ರಚನೆ ಎಲ್ಲಿ ಏಕರೂಪವಾಗಿಲ್ಲವೋ ಅಲ್ಲಿ ಚಕ್ಕೆ ಏಳುತ್ತದೆ. ಅಂದರೆ ಒಂದೇ ಹೆಸರಿನ ಎರಡು ಬ್ಲೇಡುಗಳೂ ಒಂದೇ ರೀತಿ ಬಾಳಬೇಕೆಂದಿಲ್ಲ. ಐವತ್ತು ವರ್ಷ ಗೂಡಿನಲ್ಲಿದ್ದ ಬ್ಲೇಡಿನಿಂದ ದಾಡಿ ಮಾಡಿ ನೋಡಿ ತೀರ್ಪು ಕೊಡುವುದು ಹೋಲಿಕೆಯಲ್ಲ, ಗಲ್ಲಕ್ಕೆ ಅಪಾಯ ಅಷ್ಟೆ.

ಗಡ್ಡದಾಚೆ

ಕನ್ನಡದಲ್ಲಿ ‘ಬ್ಲೇಡು’ ಎಂಬ ಮಾತಿಗೆ ಗಡ್ಡಕ್ಕಿಂತ ದೊಡ್ಡ ಸಂಸಾರವಿದೆ. ಕೊರೆಯುವವನು ಬ್ಲೇಡು. ಜನರ ಠೇವಣಿ ನುಂಗಿ ರಾತ್ರೋರಾತ್ರಿ ಬಾಗಿಲು ಹಾಕುವ ಫೈನಾನ್ಸು ‘ಬ್ಲೇಡ್ ಕಂಪನಿ’. ವಸ್ತುವಾಗಿಯೂ ಅದು ಎಲ್ಲ ಕಡೆ ಹೊಕ್ಕಿತು. ಮಕ್ಕಳ ಪೆನ್ಸಿಲು ಚೂಪು ಮಾಡಲು, ದರ್ಜಿ ಹೊಲಿಗೆ ಬಿಚ್ಚಲು, ರೇಡಿಯೊ ಕೇಂದ್ರಗಳಲ್ಲಿ ಟೇಪು ಕತ್ತರಿಸಿ ಅಂಟಿಸಲು ಅದೇ ಬೇಕಾಯಿತು. ಎಲ್ಲಕ್ಕಿಂತ ಮುಖ್ಯವಾದದ್ದು ಬಾಣಂತಿಯ ಕೋಣೆಯಲ್ಲಿನ ಬ್ಲೇಡು. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಹೊಕ್ಕುಳಬಳ್ಳಿ ಕೊಯ್ಯಲು ಕುಡುಗೋಲು, ಬಳಸಿದ ಬ್ಲೇಡು ಕೈಗೆ ಸಿಕ್ಕದ್ದೆಲ್ಲ ಬಳಕೆಯಾಗಿ, ಧನುರ್ವಾಯುವಿಗೆ ಕೂಸುಗಳು ಬಲಿಯಾಗುತ್ತಿದ್ದವು. ತುಕ್ಕಿನಿಂದ ಧನುರ್ವಾಯು ಬರುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಅದು ಮಣ್ಣು, ಸಗಣಿಗಳಲ್ಲಿರುವ ರೋಗಾಣುವಿನಿಂದ ಬರುತ್ತದೆ. ಆರೋಗ್ಯ ಇಲಾಖೆ ಸೂಲಗಿತ್ತಿಯರಿಗೆ ಕಲಿಸಿದ ಐದು ಶುಚಿಗಳಲ್ಲಿ ಕಾಗದ ಒಡೆಯದ ಹೊಸ ಬ್ಲೇಡೂ ಒಂದಾಗಿತ್ತು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿರ್ಮೂಲನ ಮಾಡಿದೆಯೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಲಸಿಕೆ, ಆಸ್ಪತ್ರೆ ಹೆರಿಗೆಗಳ ಪಾಲು ಅದರಲ್ಲಿ ದೊಡ್ಡದು. ಕಾಗದದಲ್ಲಿ ಸುತ್ತಿದ ಬ್ಲೇಡಿನ ಪಾಲೂ ಇದೆ.

ಕ್ಷೌರದಂಗಡಿಗೆ ಬ್ಲೇಡು ಪೂರ್ತಿಯಾಗಿ ಬಂದದ್ದು ಇನ್ನೊಂದು ರೋಗದ ಭಯದಿಂದ. ಮನೆಗಳಲ್ಲಿ ರೇಜರು ಬಂದು ದಶಕಗಳಾದರೂ ಕ್ಷೌರಿಕರು ಮಡಚುವ ಕತ್ತಿಯನ್ನು ಬಿಟ್ಟಿರಲಿಲ್ಲ. ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಮುಂದಿನ ವರ್ಷಗಳ ಏಡ್ಸ್ ಜಾಗೃತಿ ಪ್ರಚಾರದಲ್ಲಿ ಪ್ರತಿ ಗಿರಾಕಿಗೂ ಹೊಸ ಬ್ಲೇಡು ಎಂಬ ಮಾತು ಮನೆಮನೆಗೆ ಮುಟ್ಟಿತು. ಗಿರಾಕಿಗಳೇ ‘ಹೊಸ ಬ್ಲೇಡು ಹಾಕಿ’ ಎಂದು ಕೇಳತೊಡಗಿದರು. ಕಾಗದದ ಸಮೇತ ಎರಡಲಗಿನ ಬ್ಲೇಡನ್ನು ನಡುವೆ ಲಟಕ್ಕನೆ ಮುರಿದು, ಅರ್ಧವನ್ನು ಕತ್ತಿಯಂಥ ಹಿಡಿಕೆಗೆ ಸಿಕ್ಕಿಸುವ ಪದ್ಧತಿ ನೆಲೆಯೂರಿತು. ಒಂದು ಬ್ಲೇಡಿಗೆ ಇಬ್ಬರು ಗಿರಾಕಿಗಳು. ಸಾಣೆಕಲ್ಲು, ಚರ್ಮದ ಪಟ್ಟಿ ಮೂಲೆ ಸೇರಿದವು. ಬಹುಪಾಲು ಅಂಗಡಿಗಳು ಮಂಗಳವಾರ ಬಾಗಿಲು ಹಾಕುವುದು ಮಾತ್ರ ಬದಲಾಗಲಿಲ್ಲ.

ಹಳೆಯ ಬ್ಲೇಡು ಸಿಕ್ಕವರು ಮಾಡಬೇಕಾದದ್ದು ಸ್ವಲ್ಪವೇ. ಕಾಗದ ಬಿಚ್ಚಬಾರದು. ಮೇಣದ ಕಾಗದ ಹಳತಾದರೆ ಮಡಿಕೆಯಲ್ಲೇ ಮುರಿಯುತ್ತದೆ, ಒಳಗಿನ ಅಲಗು ಬೆರಳಿಗೆ ಕಾದಿರುತ್ತದೆ. ತುಕ್ಕನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬಾರದು, ಕೊರೆದ ಅಕ್ಷರವೂ ಅದರೊಂದಿಗೆ ಹೋದೀತು. ಡಬ್ಬಿಯಲ್ಲಿ ಜೊತೆಗೆ ಸಿಕ್ಕ ಚೀಟಿ, ಗುಂಡಿ, ನಾಣ್ಯಗಳನ್ನು ಬೇರೆ ಮಾಡದೆ, ಏನೇನು ಒಟ್ಟಿಗಿತ್ತು, ಯಾರ ಮನೆಯದು ಎಂದು ಒಂದು ಹಾಳೆಯಲ್ಲಿ ಬರೆದಿಡಬೇಕು. ನೆಲದ ಮಟ್ಟದ ಗೂಡಿನಲ್ಲಿ ಇಡದಿರುವುದು ಒಳಿತು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಗಾಣಗಾಪುರದ ಸಂಗಮ ಮುಳುಗಿ, ಅಫಜಲಪುರ, ಜೇವರ್ಗಿ ಕಡೆಯ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. ಅಂಥ ನೀರಿಗೆ ಕಾಗದ ಮೊದಲು ಹೋಗುತ್ತದೆ, ಕಾರ್ಬನ್ ಉಕ್ಕು ಅದರ ಹಿಂದೆಯೇ. ಹಂಡೆ ಉಳಿಯುತ್ತದೆ.